ಸಾರಿಗೆ ಯೋಜಕ: ರಸ್ತೆಗೆ ಹಣ ಹೊಂದಿಸುವ, ಲಾಭದ ಲೆಕ್ಕ ಹಾಕುವ ವೃತ್ತಿ

ರಸ್ತೆ, ಸೇತುವೆ, ಬಸ್ಸು, ರೈಲು ಇವುಗಳಲ್ಲಿ ಯಾವುದು ಎಲ್ಲಿ ಬೇಕು, ಅದಕ್ಕೆ ಎಷ್ಟು ಖರ್ಚಾಗುತ್ತದೆ, ಆ ಹಣ ಎಲ್ಲಿಂದ ಬರಬೇಕು, ಅದರಿಂದ ಜನರಿಗೆ ಎಷ್ಟು ಲಾಭವಾಗುತ್ತದೆ ಎಂಬುದನ್ನು ಕೆಲಸ ಆರಂಭವಾಗುವ ಮೊದಲೇ ಲೆಕ್ಕ ಹಾಕಿ ಹೇಳುವವರು ಸಾರಿಗೆ ಯೋಜಕರು. ನಗರ ಯೋಜನೆ ಎಂಬ ದೊಡ್ಡ ವಿದ್ಯೆಯ ಒಂದು ಕವಲು ಇದು. ರಸ್ತೆ ಕಟ್ಟುವವರು ಎಂಜಿನಿಯರರು, ಮಂಜೂರು ಮಾಡುವವರು ಸರ್ಕಾರದವರು. ಇವರಿಬ್ಬರ ನಡುವೆ ಕುಳಿತು ಕಡತ ಸಿದ್ಧಪಡಿಸುವವರು ಯೋಜಕರು. ಅವರ ಹೆಸರು ಪತ್ರಿಕೆಯಲ್ಲಿ ಬರುವುದು ಕಡಿಮೆ. ಆದರೆ ಯಾವ ಊರಿಗೆ ರಸ್ತೆ ಮೊದಲು, ಯಾವ ಊರಿಗೆ ಆಮೇಲೆ ಎಂಬುದು ಬಹುಮಟ್ಟಿಗೆ ಅವರ ಲೆಕ್ಕದ ಮೇಲೆ ನಿಂತಿರುತ್ತದೆ.

ಗಡಿನಾಡಿನ ಕನ್ನಡಿಗರು ಈ ವೃತ್ತಿಯನ್ನು ಅರಿತಿರಬೇಕಾದ ಕಾರಣವೊಂದಿದೆ. ಮಂಜೇಶ್ವರದವರಿಗೆ ಆಸ್ಪತ್ರೆ ಎಂದರೆ ಮಂಗಳೂರು, ತಾಳವಾಡಿಯವರಿಗೆ ಸಂತೆ-ಪೇಟೆ ಎಂದರೆ ಚಾಮರಾಜನಗರ. ಜತ್ತದವರು ವಿಜಯಪುರಕ್ಕೆ, ಅಕ್ಕಲಕೋಟೆಯವರು ಆಳಂದ-ಅಫಜಲಪುರದ ಕಡೆಗೆ, ಆದೋನಿ-ರಾಯದುರ್ಗದವರು ಬಳ್ಳಾರಿಗೆ, ಮಡಕಶಿರಾದವರು ಪಾವಗಡ-ಶಿರಾಕ್ಕೆ, ಮಖ್ತಲದವರು ರಾಯಚೂರಿಗೆ, ಹೊಸೂರಿನವರು ಬೆಂಗಳೂರಿಗೆ ಹೋಗಿ ಬರುತ್ತಾರೆ. ಜನರ ಓಡಾಟ ಗಡಿ ಕಲ್ಲು ನೋಡಿ ನಿಲ್ಲುವುದಿಲ್ಲ, ಲೆಕ್ಕದ ಪುಸ್ತಕ ಮಾತ್ರ ರಾಜ್ಯಕ್ಕೊಂದು. ಗಡಿಯಾಚೆಗೆ ಹೋಗುವ ಲಾಭ ಯಾವ ಪುಸ್ತಕದಲ್ಲಿ ಬರೆಯಲ್ಪಡುತ್ತದೆ ಎಂಬುದು ಗಡಿ ಊರಿನ ರಸ್ತೆಯ ಹಣೆಬರಹವನ್ನು ನಿರ್ಧರಿಸುತ್ತದೆ.

ಕೆಲಸ ಶುರುವಾಗುವುದು ರಸ್ತೆ ಬದಿಯಲ್ಲಿ

ಈ ವೃತ್ತಿಗೆ ಸೇರಿದವರ ಮೊದಲ ಪಾಠ ವಾಹನ ಗಣತಿ. ರಸ್ತೆ ಬದಿಯಲ್ಲಿ ಕುಳಿತು ಹಗಲು-ರಾತ್ರಿ ಹೋಗಿ ಬರುವ ವಾಹನಗಳನ್ನು ಎಣಿಸಬೇಕು. ಗ್ರಾಮೀಣ ಹೆದ್ದಾರಿಗಳಲ್ಲಿ ಒಂದು ವಾರ ಪೂರ್ತಿ, ದಿನದ 24 ತಾಸೂ ಎಣಿಸಬೇಕು. ಸುಗ್ಗಿಯ ಕಾಲದಲ್ಲೊಮ್ಮೆ, ಓಡಾಟ ಕಡಿಮೆಯಿರುವ ಕಾಲದಲ್ಲೊಮ್ಮೆ ಹೀಗೆ ವರ್ಷಕ್ಕೆ ಎರಡು ಬಾರಿಯಾದರೂ ಎಣಿಸಬೇಕು ಎಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಕ್ರಮ. ಹೆಸರಿನಲ್ಲಿ ಕಾಂಗ್ರೆಸ್ ಎಂದಿದ್ದರೂ ಇದು ಪಕ್ಷವಲ್ಲ, ರಸ್ತೆಗಳಿಗೆ ಮಾನದಂಡ ನಿಗದಿ ಮಾಡುವ, 1934ರಲ್ಲಿ ಸ್ಥಾಪನೆಯಾದ ಎಂಜಿನಿಯರುಗಳ ಸಂಸ್ಥೆ.

ಎಣಿಸಿದ ವಾಹನಗಳನ್ನೆಲ್ಲ ಒಂದೇ ಅಳತೆಗೆ ತರಲು 'ಕಾರಿನ ಲೆಕ್ಕ' ಬಳಸುತ್ತಾರೆ. ಗ್ರಾಮೀಣ ರಸ್ತೆಗಳಿಗೆ 1990ರ ಮಾನದಂಡದ ಪ್ರಕಾರ ಕಾರು ಒಂದು ಎಂದಾದರೆ ಬಸ್ಸು ಅಥವಾ ಲಾರಿ 3, ಸೈಕಲ್ ಅರ್ಧ, ದೊಡ್ಡ ಎತ್ತಿನ ಗಾಡಿ 8. ಗಾಡಿ ನಿಧಾನವಾಗಿ ಸಾಗಿ ಹಿಂದಿನ ವಾಹನಗಳನ್ನೆಲ್ಲ ತಡೆಯುವುದರಿಂದ ಅದಕ್ಕೆ ಅಷ್ಟು ದೊಡ್ಡ ಅಂಕಿ.

ಎರಡನೆಯ ಪಾಠ 'ಎಲ್ಲಿಂದ-ಎಲ್ಲಿಗೆ' ಸಮೀಕ್ಷೆ. ವಾಹನ ನಿಲ್ಲಿಸಿ, ಮನೆಗಳಿಗೆ ಹೋಗಿ, ಯಾರು ಎಲ್ಲಿಂದ ಎಲ್ಲಿಗೆ, ಯಾತಕ್ಕೆ ಹೊರಟಿದ್ದಾರೆ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಬಂದ ಉತ್ತರಗಳನ್ನು ವಲಯಗಳಾಗಿ ವಿಂಗಡಿಸುತ್ತಾರೆ. ಅಧ್ಯಯನದ ಗಡಿಯೊಳಗಿನ ಊರುಗಳಿಗೆ ತಮ್ಮದೇ ವಲಯ, ಜನಸಂಖ್ಯೆ, ಮನೆ, ಉದ್ಯೋಗದ ಅಂಕಿಗಳು ಇರುತ್ತವೆ. ಗಡಿಯ ಹೊರಗಿನದೆಲ್ಲ 'ಹೊರ ವಲಯ'. ನಕ್ಷೆಯ ಅಂಚಿನಲ್ಲಿ ಅದು ಒಂದು ಚುಕ್ಕೆ ಮಾತ್ರ. ಅಧ್ಯಯನದ ಗೆರೆಯನ್ನು ರಾಜ್ಯದ ಗಡಿಗೇ ನಿಲ್ಲಿಸಿದರೆ ಆಚೆಗಿನ ಹತ್ತಾರು ಹಳ್ಳಿಗಳು ಆ ಒಂದು ಚುಕ್ಕೆಯಲ್ಲಿ ಅಡಗಿಹೋಗುತ್ತವೆ. ಇದರಲ್ಲಿ ಯಾರ ದ್ವೇಷವೂ ಇಲ್ಲ, ಗೆರೆ ಎಳೆದ ರೀತಿ ಅಷ್ಟೆ. ಆದರೆ ಫಲ ಅನುಭವಿಸುವವರು ಗಡಿಯವರು.

ರಸ್ತೆಗೆ ಹಣ ಎಲ್ಲಿಂದ?

ಬ್ರಿಟಿಷರ ಕಾಲದಲ್ಲಿ ಮೋಟಾರು ವಾಹನಗಳು ಹೆಚ್ಚಿದಾಗ ಜಿಲ್ಲಾ ಮಂಡಳಿಗಳ ಹಣದಿಂದ ರಸ್ತೆ ಉಳಿಸಿಕೊಳ್ಳುವುದು ಕಷ್ಟವಾಯಿತು. 1927ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಪೆಟ್ರೋಲಿನ ಮೇಲೆ ಹೆಚ್ಚುವರಿ ತೆರಿಗೆ ಹಾಕಿ ಅದನ್ನು ರಸ್ತೆಗೆಂದೇ ಮೀಸಲಿಡಬೇಕು ಎಂದು ಸಮಿತಿ ಹೇಳಿತು. ಅದರಂತೆ 1929ರಲ್ಲಿ ಕೇಂದ್ರ ರಸ್ತೆ ನಿಧಿ ಹುಟ್ಟಿತು. ಗ್ಯಾಲನ್ನಿಗೆ ಎರಡಾಣೆ ಅಂದಿನ ದರ. ರಸ್ತೆ ಬಳಸುವವನೇ ರಸ್ತೆಗೆ ಕೊಡಲಿ ಎಂಬ ತತ್ವ ಅಲ್ಲಿಂದ ಬಂತು.

2000ರಲ್ಲಿ ಕೇಂದ್ರ ರಸ್ತೆ ನಿಧಿಗೆ ಪ್ರತ್ಯೇಕ ಕಾಯ್ದೆಯಾಯಿತು. ಪೆಟ್ರೋಲ್, ಡೀಸೆಲ್ ಮೇಲಿನ ಸೆಸ್ ಈ ನಿಧಿಗೆ ಬರುತ್ತಿತ್ತು, ಡೀಸೆಲ್ ಸೆಸ್ಸಿನ ಅರ್ಧ ಪಾಲು ಹಳ್ಳಿ ರಸ್ತೆಗಳಿಗೆ ಮೀಸಲಾಯಿತು. ಅದೇ ವರ್ಷದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ಬಯಲು ಸೀಮೆಯಲ್ಲಿ 500 ಜನ, ಗುಡ್ಡಗಾಡು ರಾಜ್ಯ, ಮರುಭೂಮಿ ಹಾಗೂ ಬುಡಕಟ್ಟು ಪ್ರದೇಶಗಳಲ್ಲಿ 250 ಜನ ಇರುವ ವಸತಿಗೆ ಸರ್ವಋತು ರಸ್ತೆ ಎಂಬುದು ಅದರ ಮೂಲ ಗುರಿ. ಮೊದಲು ಪೂರ್ತಿ ಹಣ ಕೇಂದ್ರದ್ದಾಗಿತ್ತು. 2015-16ರಿಂದ ಹೆಚ್ಚಿನ ರಾಜ್ಯಗಳಲ್ಲಿ ಕೇಂದ್ರ ಶೇ. 60, ರಾಜ್ಯ ಶೇ. 40 ಎಂದಾಯಿತು. 2018ರಲ್ಲಿ ಕೇಂದ್ರ ನಿಧಿಯ ಹೆಸರು ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಎಂದು ಬದಲಾಯಿತು.

ಹೆದ್ದಾರಿಗಳ ದಾರಿ ಬೇರೆ. ಖಾಸಗಿಯವರು ಸಾಲ ತಂದು ರಸ್ತೆ ಕಟ್ಟಿ, ಇಷ್ಟು ವರ್ಷ ಟೋಲ್ ವಸೂಲಿ ಮಾಡಿ, ಬಳಿಕ ಸರ್ಕಾರಕ್ಕೆ ಒಪ್ಪಿಸುವುದು ಒಂದು ಕ್ರಮ. ಟೋಲಿನ ಹೊಣೆ ಸರ್ಕಾರವೇ ಹೊತ್ತು ಗುತ್ತಿಗೆದಾರನಿಗೆ ಕಂತು ಕಟ್ಟುವುದು ಇನ್ನೊಂದು ಕ್ರಮ. 2016ರಲ್ಲಿ ಇವೆರಡರ ಬೆರಕೆ ಬಂತು. ಅದರಲ್ಲಿ ವೆಚ್ಚದ ಶೇ. 40ರಷ್ಟನ್ನು ಕೆಲಸ ನಡೆಯುವಾಗಲೇ ಸರ್ಕಾರ ಕೊಡುತ್ತದೆ, ಉಳಿದ ಶೇ. 60 ವರ್ಷಗಟ್ಟಲೆ ಕಂತಿನಲ್ಲಿ ಸಂದಾಯವಾಗುತ್ತದೆ. ಯಾವ ರಸ್ತೆಗೆ ಯಾವ ಕ್ರಮ ಹೊಂದುತ್ತದೆ, ವಾಹನ ಅಂದುಕೊಂಡಷ್ಟು ಬಾರದಿದ್ದರೆ ನಷ್ಟ ಯಾರ ತಲೆಗೆ ಎಂದು ಹೇಳುವುದು ಯೋಜಕರ ಕೆಲಸ.

ಎರಡು ಬಗೆಯ ಲಾಭ

ಸಾರಿಗೆ ಲೆಕ್ಕದಲ್ಲಿ ಲಾಭ ಎಂಬ ಮಾತಿಗೆ ಎರಡು ಅರ್ಥ. ಮೊದಲನೆಯದು ಗಲ್ಲಾಪೆಟ್ಟಿಗೆಯ ಲಾಭ, ಅಂದರೆ ಟಿಕೆಟ್, ಟೋಲ್, ಬಾಡಿಗೆಯಿಂದ ಬರುವ ಹಣ. ಎರಡನೆಯದು ಸಮಾಜದ ಲಾಭ. ಪ್ರಯಾಣಿಕನಿಗೆ ಉಳಿದ ಸಮಯ, ಉಳಿದ ಡೀಸೆಲ್, ತಪ್ಪಿದ ಅಪಘಾತ, ಕೊಳೆಯದೆ ಪೇಟೆ ಸೇರಿದ ಟೊಮೆಟೊ ಇವೆಲ್ಲ ಎರಡನೆಯ ಬಗೆಯವು. ಯಾರ ಗಲ್ಲಾಪೆಟ್ಟಿಗೆಗೂ ಇವು ಬೀಳುವುದಿಲ್ಲ, ಆದರೂ ಬೆಲೆಯುಳ್ಳವು.

ಈ ವಿಚಾರವನ್ನು ಮೊದಲು ಶಾಸ್ತ್ರವಾಗಿ ಬರೆದವರಲ್ಲಿ ಫ್ರಾನ್ಸಿನ ಎಂಜಿನಿಯರ್ ಜೂಲ್ಸ್ ಡುಪುಯಿ ಪ್ರಮುಖರು. ಸೇತುವೆಯೊಂದರ ಬೆಲೆ ಅದರ ಸುಂಕದಲ್ಲಷ್ಟೇ ಇಲ್ಲ, ದಾಟುವವರಿಗೆ ಸುಂಕಕ್ಕಿಂತ ಹೆಚ್ಚಾಗಿ ಸಿಗುವ ಪ್ರಯೋಜನದಲ್ಲೂ ಇದೆ ಎಂದು ಅವರು 1844ರಲ್ಲಿ ತೋರಿಸಿದರು. ಅಮೆರಿಕದ 1936ರ ಪ್ರವಾಹ ನಿಯಂತ್ರಣ ಕಾಯ್ದೆ ಇದನ್ನು ಕಾನೂನಿಗೆ ತಂದಿತು. ಲಾಭ ಯಾರಿಗೇ ಸೇರಲಿ, ಒಟ್ಟು ಲಾಭ ವೆಚ್ಚಕ್ಕಿಂತ ಹೆಚ್ಚಾಗಿದ್ದರೆ ಕೆಲಸ ಮಾಡಬಹುದು ಎಂಬುದು ಅದರ ತಿರುಳು. 'ಯಾರಿಗೇ ಸೇರಲಿ' ಎಂಬ ಈ ಮಾತನ್ನು ಗಡಿನಾಡಿನವರು ನೆನಪಿಟ್ಟುಕೊಳ್ಳಬೇಕು.

ಲಂಡನ್ನಿನ ವಿಕ್ಟೋರಿಯಾ ಭೂಗತ ರೈಲು ಮಾರ್ಗ ಈ ಲೆಕ್ಕದ ಪ್ರಸಿದ್ಧ ನಿದರ್ಶನ. ಟಿಕೆಟ್ ಹಣದಿಂದ ಅದರ ಖರ್ಚು ಹುಟ್ಟುವಂತಿರಲಿಲ್ಲ. ಕ್ರಿಸ್ಟೋಫರ್ ಫಾಸ್ಟರ್ ಮತ್ತು ಮೈಕೆಲ್ ಬೀಸ್ಲಿ ಎಂಬ ಅರ್ಥಶಾಸ್ತ್ರಜ್ಞರು 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಮಾರ್ಗಗಳಲ್ಲಿ ತಗ್ಗುವ ನೂಕುನುಗ್ಗಲು, ರಸ್ತೆಯಲ್ಲಿ ಉಳಿಯುವ ಸಮಯ ಎಲ್ಲವನ್ನೂ ಕೂಡಿಸಿ, ಮಾರ್ಗ ಲಾಭದಾಯಕ ಎಂದು ತೋರಿಸಿದರು. ಮಾರ್ಗದ ಮೊದಲ ಭಾಗ 1968ರಲ್ಲಿ ತೆರೆಯಿತು. ಫಾಸ್ಟರ್ 1966ರಿಂದ 1970ರವರೆಗೆ ಬ್ರಿಟನ್ನಿನ ಸಾರಿಗೆ ಸಚಿವಾಲಯದಲ್ಲಿ ಆರ್ಥಿಕ ಯೋಜನೆಯ ಮುಖ್ಯಸ್ಥರಾದರು. ನಷ್ಟವಾದರೂ ಸಮಾಜಕ್ಕೆ ಬೇಕಾದ ರೈಲುಗಳಿಗೆ ಸರ್ಕಾರ ಹಣ ಕೊಡಬಹುದು ಎಂಬ ವ್ಯವಸ್ಥೆ ಅಲ್ಲಿ 1968ರ ಸಾರಿಗೆ ಕಾಯ್ದೆಯಿಂದ ಬಂತು. ಒಂದು ಲೆಕ್ಕ ಮಾಡಿದವರು ನೀತಿ ರೂಪಿಸುವ ಕುರ್ಚಿಗೆ ಏರಿದ್ದು ಈ ವೃತ್ತಿಯ ಏಳಿಗೆಗೆ ಒಳ್ಳೆಯ ಉದಾಹರಣೆ.

ಭಾರತದಲ್ಲೂ ಇಂಥ ಬದಲಾವಣೆಯಾಗಿದೆ. ಮೆಟ್ರೋ ರೈಲಿಗೆ ಮಂಜೂರಾತಿ ಸಿಗಲು ಮೊದಲು ಹಣಕಾಸಿನ ಪ್ರತಿಫಲ ಶೇ. 8 ಇರಬೇಕಿತ್ತು. 2017ರ ಮೆಟ್ರೋ ರೈಲು ನೀತಿ ಅದರ ಜಾಗದಲ್ಲಿ ಆರ್ಥಿಕ ಪ್ರತಿಫಲ ಶೇ. 14 ಇರಬೇಕು ಎಂದಿತು. ಗಲ್ಲಾಪೆಟ್ಟಿಗೆಯ ಬದಲು ಸಮಾಜದ ಲಾಭ ಅಳೆಗೋಲಾಯಿತು. ರೈಲ್ವೆ ಇಲಾಖೆಯಲ್ಲಿ ಮಾತ್ರ ಹೊಸ ಮಾರ್ಗಕ್ಕೆ ಶೇ. 14 ಹಣಕಾಸು ಪ್ರತಿಫಲ ಎಂಬ ಅಳತೆ ಬಹುಕಾಲ ನಡೆದುಬಂತು. 'ಸಮೀಕ್ಷೆಯಾಯಿತು, ಪ್ರತಿಫಲ ಸಾಲದು' ಎಂಬ ಉತ್ತರ ಬಂದ ಕಡೆಗಳಲ್ಲೆಲ್ಲ ಇದೇ ಅಳತೆಯ ನೆರಳಿತ್ತು.

ಒಂದು ಹಳ್ಳ, ಎರಡು ಲೆಕ್ಕ

ಲೆಕ್ಕ ಹೇಗೆ ನಡೆಯುತ್ತದೆಂದು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಎರಡು ರಾಜ್ಯಗಳ ನಡುವೆ ಒಂದು ಹಳ್ಳ. ಈಚೆ ಒಂದು ಊರು, ಆಚೆ ಒಂದು ಊರು. ಈಗ ಸುತ್ತು ಹಾಕಿ 14 ಕಿ.ಮೀ. ಹೋಗಬೇಕು. ಸೇತುವೆಯಾದರೆ 4 ಕಿ.ಮೀ. ಸಾಕು. ಸೇತುವೆಗೆ 2 ಕೋಟಿ ರೂ. ಬೇಕು.

ದಿನಕ್ಕೆ 200 ವಾಹನಗಳು ಓಡಾಡುತ್ತವೆ, ಅರ್ಧ ಈಚೆಯವರದು, ಅರ್ಧ ಆಚೆಯವರದು ಎನ್ನೋಣ. ಪ್ರತಿ ವಾಹನಕ್ಕೆ 10 ಕಿ.ಮೀ. ಉಳಿತಾಯ. ಕಿ.ಮೀ.ಗೆ 6 ರೂ. ಹಿಡಿದರೆ 60 ರೂ. ಉಳಿಯಿತು. 200 ವಾಹನಕ್ಕೆ ದಿನಕ್ಕೆ 12,000 ರೂ., ವರ್ಷಕ್ಕೆ 43.8 ಲಕ್ಷ ರೂ. ಸೇತುವೆಯ ನಿರ್ವಹಣೆಗೆ ವರ್ಷಕ್ಕೆ 2 ಲಕ್ಷ ಕಳೆದರೆ 41.8 ಲಕ್ಷ.

ಆದರೆ ಇಪ್ಪತ್ತು ವರ್ಷದ ಉಳಿತಾಯವನ್ನು ಸುಮ್ಮನೆ ಇಪ್ಪತ್ತರಿಂದ ಗುಣಿಸುವಂತಿಲ್ಲ. ಮುಂದೆಂದೋ ಬರುವ ನೂರು ರೂಪಾಯಿ ಇಂದಿನ ನೂರಕ್ಕೆ ಸಮವಲ್ಲ ಎಂಬುದು ಸಾಲ ಮಾಡಿದ ಯಾವ ರೈತನಿಗೂ ಗೊತ್ತು. ಹೆದ್ದಾರಿ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಶೇ. 12ರ ದರದಲ್ಲಿ ಮುಂದಿನ ಹಣವನ್ನು ಇಂದಿನ ಬೆಲೆಗೆ ಇಳಿಸುತ್ತಾರೆ. ಆ ದರದಲ್ಲಿ 20 ವರ್ಷ ಕಾಲ ವರ್ಷಕ್ಕೊಂದು ರೂಪಾಯಿ ಬಂದರೆ ಅದರ ಇಂದಿನ ಬೆಲೆ ಸುಮಾರು 7 ರೂ. 47 ಪೈಸೆ. ಹಾಗಾಗಿ 41.8 ಲಕ್ಷವನ್ನು 7.47ರಿಂದ ಗುಣಿಸಿದರೆ ಸುಮಾರು 3.12 ಕೋಟಿ. ವೆಚ್ಚ 2 ಕೋಟಿ, ಲಾಭ 3.12 ಕೋಟಿ. ಸೇತುವೆ ಕಟ್ಟಬಹುದು.

ಈಗ ಈಚೆಯ ರಾಜ್ಯ ತನ್ನ ಜನರ 100 ವಾಹನಗಳನ್ನಷ್ಟೇ ಎಣಿಸಿ, ಪೂರ್ತಿ ವೆಚ್ಚ ತಾನೇ ಹೊರಬೇಕೆಂದು ಲೆಕ್ಕ ಹಾಕಿದರೆ? ವರ್ಷದ ಉಳಿತಾಯ 21.9 ಲಕ್ಷ. ನಿರ್ವಹಣೆ ಕಳೆದರೆ 19.9 ಲಕ್ಷ. ಇಂದಿನ ಬೆಲೆಯಲ್ಲಿ ಸುಮಾರು 1.49 ಕೋಟಿ. ವೆಚ್ಚ 2 ಕೋಟಿ. 'ಕಾರ್ಯಸಾಧ್ಯವಲ್ಲ' ಎಂದು ಕಡತ ಮುಚ್ಚುತ್ತದೆ. ಆಚೆಯ ರಾಜ್ಯ ಲೆಕ್ಕ ಹಾಕಿದರೂ ಇದೇ ಉತ್ತರ. ಇಬ್ಬರೂ ಸರಿಯಾಗಿಯೇ ಕೂಡಿ ಕಳೆದಿದ್ದಾರೆ, ಆದರೂ ಆಗಬೇಕಾದ ಸೇತುವೆ ಆಗಲಿಲ್ಲ.

ಪರಿಹಾರವೂ ಲೆಕ್ಕದಲ್ಲೇ ಇದೆ. ಇಬ್ಬರೂ ತಲಾ 1 ಕೋಟಿ ಹಾಕಿ, ನಿರ್ವಹಣೆಯನ್ನೂ ಹಂಚಿಕೊಂಡರೆ ಒಬ್ಬೊಬ್ಬರಿಗೂ ಸುಮಾರು 1.56 ಕೋಟಿಯ ಲಾಭ. ಗಡಿ ಊರಿನ ಬೇಡಿಕೆಗಳಲ್ಲಿ ಎಷ್ಟೋ ಇಂಥವೇ. ಬೇಕಾಗಿರುವುದು ಕನಿಕರವಲ್ಲ, ಎರಡೂ ಕಡೆಯನ್ನು ಕೂಡಿಸಿದ ಒಂದು ಲೆಕ್ಕ.

ಗಡಿ ದಾಟಿದ ಯೋಜನೆಗಳು

ಹೀಗೆ ಕೂಡಿಸಿ ಮಾಡಿದ ಕೆಲಸಗಳೂ ಉಂಟು. ಅವುಗಳಲ್ಲಿ ಕೊಂಕಣ ರೈಲ್ವೆ ದೊಡ್ಡದು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗಿನ ಈ ಮಾರ್ಗಕ್ಕೆ ರೈಲ್ವೆಯ ಮಾಮೂಲಿ ಬಜೆಟ್ಟಿನಿಂದ ಹಣ ಕಾಯುತ್ತ ಕುಳಿತಿದ್ದರೆ ದಶಕಗಳೇ ಬೇಕಿತ್ತು. ಅದಕ್ಕಾಗಿ 1990ರಲ್ಲಿ ಪ್ರತ್ಯೇಕ ನಿಗಮ ಸ್ಥಾಪಿಸಿದರು. ಇ. ಶ್ರೀಧರನ್ ಅದರ ಮೊದಲ ಮುಖ್ಯಸ್ಥರು. ಷೇರು ಬಂಡವಾಳದಲ್ಲಿ ಕೇಂದ್ರ ಶೇ. 51, ಮಹಾರಾಷ್ಟ್ರ ಶೇ. 22, ಕರ್ನಾಟಕ ಶೇ. 15, ಗೋವಾ ಮತ್ತು ಕೇರಳ ತಲಾ ಶೇ. 6 ಹಾಕಿದವು. ಉಳಿದ ದೊಡ್ಡ ಮೊತ್ತವನ್ನು ಬಾಂಡ್ ಮೂಲಕ ಸಾಲ ಎತ್ತಿದರು. 1998ರ ಜನವರಿ 26ರಂದು ಇಡೀ ಮಾರ್ಗ ಲೋಕಾರ್ಪಣೆಯಾಯಿತು. ಮಂಗಳೂರು-ಮುಂಬಯಿ ರೈಲು ದಾರಿ 1,100 ಕಿ.ಮೀ.ಗೂ ಹೆಚ್ಚು ತಗ್ಗಿತು.

ಇಲ್ಲಿ ಕೇರಳದ ಪಾಲನ್ನು ವಿಶೇಷವಾಗಿ ಗಮನಿಸಬೇಕು. ಕೊಂಕಣ ರೈಲ್ವೆಯ ಹಳಿ ಕೇರಳದ ನೆಲದಲ್ಲಿ ಒಂದಡಿಯೂ ಇಲ್ಲ. ಆದರೂ ಆ ರಾಜ್ಯ ಬಂಡವಾಳ ಹಾಕಿತು, ಏಕೆಂದರೆ ಕಾಸರಗೋಡಿನಿಂದ ತಿರುವನಂತಪುರದವರೆಗಿನ ಜನ ಮುಂಬಯಿಗೆ ಹೋಗುವುದು ಅದೇ ಹಳಿಯ ಮೇಲೆ. ಲಾಭ ಎಲ್ಲಿಯವರೆಗೆ ಹರಿಯುತ್ತದೋ ಹಣವೂ ಅಲ್ಲಿಂದ ಬರಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಇದರ ಇನ್ನೊಂದು ಮುಖವೂ ಇದೆ. ಸಾಲದ ಬಡ್ಡಿ ನಿಗಮವನ್ನು ವರ್ಷಗಟ್ಟಲೆ ಕಾಡಿತು. ಜನರಿಗೆ ಉಳಿದ ಸಮಯ ಬ್ಯಾಂಕಿನ ಕಂತು ಕಟ್ಟುವುದಿಲ್ಲ. ಸಮಾಜದ ಲಾಭ ದೊಡ್ಡದಿದ್ದರೂ ಗಲ್ಲಾಪೆಟ್ಟಿಗೆಯ ಲಾಭ ಸಣ್ಣದಿರಬಹುದು ಎಂಬುದು ಇದರ ಪಾಠ.

ಉತ್ತರದಲ್ಲಿ ದೆಹಲಿ-ಮೀರತ್ ಕ್ಷಿಪ್ರ ರೈಲು ಇನ್ನೊಂದು ಉದಾಹರಣೆ. 1985ರ ಕಾಯ್ದೆಯ ಪ್ರಕಾರ ದೆಹಲಿ ಮತ್ತು ಸುತ್ತಲ ರಾಜ್ಯಗಳ ಜಿಲ್ಲೆಗಳಿಗೆ ಸೇರಿ ಒಂದೇ ಯೋಜನಾ ಮಂಡಳಿ ಇದೆ. ರೈಲಿಗಾಗಿ 2013ರಲ್ಲಿ ಸ್ಥಾಪಿಸಿದ ನಿಗಮದಲ್ಲಿ ಕೇಂದ್ರದ ಪಾಲು ಅರ್ಧ. ದೆಹಲಿ, ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನಗಳದ್ದು ತಲಾ ಶೇ. 12.5. ಮೊದಲ ಹಂತ 2023ರ ಅಕ್ಟೋಬರಿನಲ್ಲಿ ಆರಂಭವಾಯಿತು. ಅಮೆರಿಕದಲ್ಲಿ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ರಾಜ್ಯಗಳು 1921ರಷ್ಟು ಹಿಂದೆಯೇ ಒಪ್ಪಂದ ಮಾಡಿಕೊಂಡು ಜಂಟಿ ಪ್ರಾಧಿಕಾರ ರಚಿಸಿದವು. ಎರಡು ರಾಜ್ಯಗಳ ನಡುವಿನ ನದಿಯ ಮೇಲಿನ ಸೇತುವೆ, ನದಿಯಡಿಯ ಸುರಂಗಗಳ ಟೋಲ್ ಅದರ ಆದಾಯದ ಒಂದು ಮೂಲ.

ಕನ್ನಡ ಗಡಿಯಲ್ಲಿ ಇಂಥ ಕಾಯ್ದೆಬದ್ಧ ಜಂಟಿ ಮಂಡಳಿ ಇಲ್ಲ. ಇಲ್ಲಿ ನಡೆಯುವುದು ಯೋಜನೆಗೊಂದು ಒಪ್ಪಂದ. ಮಡಕಶಿರಾ, ಕಲ್ಯಾಣದುರ್ಗ, ಪಾವಗಡ ಹಾದು ಹೋಗುವ ರಾಯದುರ್ಗ-ತುಮಕೂರು ರೈಲು ಮಾರ್ಗ 2007-08ರಲ್ಲಿ ಎರಡೂ ರಾಜ್ಯಗಳು ವೆಚ್ಚ ಹಂಚಿಕೊಳ್ಳುವ ಷರತ್ತಿನ ಮೇಲೆ ಮಂಜೂರಾಯಿತು. ಕಾಞಂಗಾಡಿನಿಂದ ಪಾಣತ್ತೂರು ಮೂಲಕ ಕಾಣಿಯೂರಿಗೆ ಬರಬೇಕೆಂಬ ರೈಲು ಮಾರ್ಗದ ಒಂದು ಭಾಗ ಕೇರಳದಲ್ಲಿ, ಇನ್ನೊಂದು ದಕ್ಷಿಣ ಕನ್ನಡದಲ್ಲಿ. ಬೊಮ್ಮಸಂದ್ರದಿಂದ ಹೊಸೂರಿಗೆ ಮೆಟ್ರೋ ವಿಸ್ತರಿಸುವ ವಿಚಾರದಲ್ಲೂ ಅಧ್ಯಯನ ನಡೆದಿದೆ. ಅಲ್ಲಿ ಹಣದ ಪ್ರಶ್ನೆಯ ಜೊತೆ ತಾಂತ್ರಿಕ ತೊಡಕೂ ಎದುರಾಯಿತು. ಬೆಂಗಳೂರು ಮೆಟ್ರೋ ಹಳಿಯ ಪಕ್ಕದ 750 ವೋಲ್ಟ್ ವಿದ್ಯುತ್ತಿನಲ್ಲಿ ಓಡುತ್ತದೆ, ಚೆನ್ನೈ ಮೆಟ್ರೋ ತಲೆ ಮೇಲಿನ ತಂತಿಯ 25,000 ವೋಲ್ಟಿನಲ್ಲಿ. ಎರಡು ರಾಜ್ಯಗಳು ಬೇರೆ ಬೇರೆಯಾಗಿ ಯೋಜಿಸಿದ್ದು ಗಡಿಯಲ್ಲಿ ಕೂಡುವಾಗ ಏನಾಗುತ್ತದೆಂದು ಇದು ತೋರಿಸುತ್ತದೆ.

ಲೆಕ್ಕ ತಪ್ಪುವುದೆಲ್ಲಿ?

ಅಂಕಿಗಳನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲಿವ್‌ಬ್ಯೋರ್ಗ್ ಮತ್ತು ಸಂಗಡಿಗರು 20 ದೇಶಗಳ 258 ಸಾರಿಗೆ ಯೋಜನೆಗಳನ್ನು ಪರಿಶೀಲಿಸಿ 2002ರಲ್ಲಿ ವರದಿ ಮಾಡಿದರು. ಹತ್ತರಲ್ಲಿ ಒಂಬತ್ತು ಯೋಜನೆಗಳ ವೆಚ್ಚವನ್ನು ಕಡಿಮೆ ಅಂದಾಜು ಮಾಡಲಾಗಿತ್ತು. ರೈಲು ಯೋಜನೆಗಳ ವೆಚ್ಚ ಸರಾಸರಿ ಶೇ. 45ರಷ್ಟು ಏರಿತ್ತು. ಬೆಂಗಳೂರು ಮೆಟ್ರೋ ಮೊದಲ ಹಂತವನ್ನು 2006ರಲ್ಲಿ ಮಂಜೂರು ಮಾಡಿದಾಗ ಅಂದಾಜು 6,395 ಕೋಟಿ ರೂ. ನಂತರ ಮಾರ್ಗದ ಉದ್ದ 33 ಕಿ.ಮೀ.ಯಿಂದ 42 ಕಿ.ಮೀ.ಗೆ ಹೆಚ್ಚಿತು, ಕೆಲಸ ತಡವಾಯಿತು. 2017ರಲ್ಲಿ ಮುಗಿಯುವಾಗ ವೆಚ್ಚ 13,800 ಕೋಟಿ ದಾಟಿತ್ತು.

ಸಮಯಕ್ಕೆ ಬೆಲೆ ಕಟ್ಟುವಲ್ಲೂ ತೊಂದರೆಯಿದೆ. ಸಾಮಾನ್ಯವಾಗಿ ಪ್ರಯಾಣಿಕನ ಆದಾಯ ನೋಡಿ ಅವನ ಸಮಯದ ಬೆಲೆ ನಿಗದಿ ಮಾಡುತ್ತಾರೆ. ಹಾಗೆ ಮಾಡಿದರೆ ಕೂಲಿಗೆ ಹೋಗುವ ಹೆಂಗಸಿನ ಒಂದು ಗಂಟೆ ಕಾರಿನಲ್ಲಿ ಹೋಗುವವನ ಒಂದು ಗಂಟೆಗಿಂತ ತೀರಾ ಅಗ್ಗವಾಗುತ್ತದೆ, ಬಡವರ ರಸ್ತೆ ಪಟ್ಟಿಯ ಕೊನೆಗೆ ಇಳಿಯುತ್ತದೆ. ಹೆರಿಗೆಗೆ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿದ್ದಕ್ಕೆ ಎಷ್ಟು ರೂಪಾಯಿ ಎಂದು ಬರೆಯುವುದೂ ಸುಲಭವಲ್ಲ. ಗ್ರಾಮ ಸಡಕ್ ಯೋಜನೆ ರೂಪಾಯಿಯ ಬದಲು ಜನಸಂಖ್ಯೆಯನ್ನು ಮೊದಲ ಅಳತೆ ಮಾಡಿಕೊಂಡಿದ್ದು ಹಳ್ಳಿಗರಿಗೆ ಅನುಕೂಲವಾದ ಕ್ರಮ.

ಕಾಡಿನ ಬೆಲೆಯೂ ಲೆಕ್ಕಕ್ಕೆ ಬರಬೇಕು. ಗುಂಡ್ಲುಪೇಟೆ-ಸುಲ್ತಾನ್ ಬತ್ತೇರಿ ನಡುವೆ ಬಂಡೀಪುರ ಹಾದುಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ ಬಂತು. ಸತ್ಯಮಂಗಲ ಕಾಡಿನ ದಿಂಬಂ ಘಾಟಿಯಲ್ಲಿ 2022ರಲ್ಲಿ ರಾತ್ರಿ ನಿರ್ಬಂಧ ಜಾರಿಯಾದಾಗ ತಾಳವಾಡಿಯ ಜನ ಆಕ್ಷೇಪ ಎತ್ತಿದರು. ವನ್ಯಜೀವಿಗಳ ಪ್ರಾಣ ಒಂದು ಕಡೆ, ಕಾಡಂಚಿನ ಜನರ ಪೇಟೆ-ಆಸ್ಪತ್ರೆ ಇನ್ನೊಂದು ಕಡೆ. ಎರಡನ್ನೂ ಬರೆಯದ ಲೆಕ್ಕ ಪೂರ್ತಿ ಲೆಕ್ಕವಲ್ಲ.

ಓದು ಮತ್ತು ಉದ್ಯೋಗ

ಈ ವೃತ್ತಿಗೆ ಎರಡು ದಾರಿಗಳಿವೆ. ಪಿಯುಸಿ ಅಥವಾ ಹನ್ನೆರಡನೇ ತರಗತಿಯಲ್ಲಿ ಗಣಿತ ಓದಿದವರು ನಾಲ್ಕು ವರ್ಷದ ಯೋಜನಾ ಪದವಿಗೆ, ಅಂದರೆ ಬಿ.ಪ್ಲಾನ್‌ಗೆ ಸೇರಬಹುದು. ಕೇಂದ್ರದ ಸಂಸ್ಥೆಗಳಿಗೆ ಜೆಇಇ ಮೈನ್ ಪರೀಕ್ಷೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಪತ್ರಿಕೆ ಇದೆ. 2021ರಿಂದ ಜೆಇಇ ಮೈನ್ ಕನ್ನಡ, ಮಲಯಾಳಂ, ಮರಾಠಿ, ತಮಿಳು, ತೆಲುಗು ಸೇರಿ 13 ಭಾಷೆಗಳಲ್ಲಿ ನಡೆಯುತ್ತಿದೆ. ಆದರೆ ಪ್ರಾದೇಶಿಕ ಭಾಷೆಯ ಪ್ರಶ್ನೆಪತ್ರಿಕೆ ಆಯಾ ರಾಜ್ಯದ ಕೇಂದ್ರಗಳಿಗೆ ಸೀಮಿತ. ಗಡಿಯಾಚೆಯ ಕನ್ನಡ ಮಾಧ್ಯಮದ ಮಕ್ಕಳು ಅರ್ಜಿ ತುಂಬುವಾಗ ಪರೀಕ್ಷಾ ಕೇಂದ್ರ ಮತ್ತು ಭಾಷೆಯನ್ನು ಎಚ್ಚರದಿಂದ ಆರಿಸಬೇಕು.

ಎರಡನೆಯದು ಸ್ನಾತಕೋತ್ತರ ದಾರಿ. ಸಿವಿಲ್ ಎಂಜಿನಿಯರಿಂಗ್ ಅಥವಾ ವಾಸ್ತುಶಿಲ್ಪ ಓದಿದವರಿಗೆ, ಹಲವು ಕಡೆ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರದಂಥ ವಿಷಯಗಳಲ್ಲಿ ಎಂ.ಎ. ಮಾಡಿದವರಿಗೂ ಎರಡು ವರ್ಷದ ಎಂ.ಪ್ಲಾನ್‌ಗೆ ಅವಕಾಶವಿದೆ. ಹಣಕಾಸು ಮತ್ತು ಆರ್ಥಿಕ ವಿಶ್ಲೇಷಣೆಯ ಕಡೆ ಹೋಗುವವರಿಗೆ ಅರ್ಥಶಾಸ್ತ್ರದ ಹಿನ್ನೆಲೆ ಕೊರತೆಯಲ್ಲ, ಬಲ.

ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಯಲ್ಲಿ ಸಾರಿಗೆ ಯೋಜನೆಗೆಂದೇ ವಿಶೇಷ ತರಗತಿಯಿದೆ. ಅದೇ ಮಾದರಿಯ ಕೇಂದ್ರ ಶಾಲೆಗಳು ವಿಜಯವಾಡ ಮತ್ತು ಭೋಪಾಲದಲ್ಲಿ 2008ರಲ್ಲಿ ಆರಂಭವಾದವು. ಅಹಮದಾಬಾದಿನ ಸೆಪ್ಟ್, ಖರಗಪುರ ಮತ್ತು ರೂರ್ಕಿಯ ಐಐಟಿಗಳು, ಕಲ್ಲಿಕೋಟೆಯ ಎನ್ಐಟಿ, ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯ, ಪುಣೆಯ ಎಂಜಿನಿಯರಿಂಗ್ ಕಾಲೇಜು, ಹೈದರಾಬಾದಿನ ಜವಾಹರಲಾಲ್ ನೆಹರೂ ವಾಸ್ತುಶಿಲ್ಪ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯ ಇವೂ ಯೋಜನಾ ಶಿಕ್ಷಣಕ್ಕೆ ಹೆಸರಾದವು. 1951ರಲ್ಲಿ ಸ್ಥಾಪನೆಯಾದ ಭಾರತೀಯ ನಗರ ಯೋಜಕರ ಸಂಸ್ಥೆಯ ಸದಸ್ಯತ್ವಕ್ಕೆ ವೃತ್ತಿಯಲ್ಲಿ ಮನ್ನಣೆಯಿದೆ.

ಉದ್ಯೋಗ ರಾಜ್ಯಗಳ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಗಳಲ್ಲಿ, ನಗರಾಭಿವೃದ್ಧಿ ಪ್ರಾಧಿಕಾರಗಳಲ್ಲಿ, ಮೆಟ್ರೋ ನಿಗಮಗಳಲ್ಲಿ, 2007ರಲ್ಲಿ ಆರಂಭವಾದ ಕರ್ನಾಟಕದ ನಗರ ಭೂ ಸಾರಿಗೆ ನಿರ್ದೇಶನಾಲಯದಂಥ ಕಡೆ, ರೈಟ್ಸ್‌ನಂಥ ಕೇಂದ್ರ ಸಂಸ್ಥೆಗಳಲ್ಲಿ, ಖಾಸಗಿ ಸಲಹಾ ಸಂಸ್ಥೆಗಳಲ್ಲಿ ಸಿಗುತ್ತದೆ. ಮೊದಲ ವರ್ಷಗಳು ಗಣತಿ, ಸಮೀಕ್ಷೆ, ನಕ್ಷೆಯಲ್ಲಿ ಕಳೆಯುತ್ತವೆ. ಆಮೇಲೆ ವಿಸ್ತೃತ ಯೋಜನಾ ವರದಿಯ ಆರ್ಥಿಕ ಅಧ್ಯಾಯ ಬರೆಯುವ ಹೊಣೆ ಬರುತ್ತದೆ. ಅನುಭವ ಬೆಳೆದಂತೆ ಸಾಲ ಕೊಡುವ ಬ್ಯಾಂಕುಗಳ, ಹಣಕಾಸು ಇಲಾಖೆಯ ಪ್ರಶ್ನೆಗಳಿಗೆ ಉತ್ತರಿಸುವ ಕೆಲಸ. ಊರೂರು ಸುತ್ತಿ ಜನರನ್ನು ಮಾತಾಡಿಸಬೇಕಾದ ಈ ವೃತ್ತಿಯಲ್ಲಿ ಎರಡು ಭಾಷೆ ಬಲ್ಲ ಗಡಿ ಊರಿನ ಹುಡುಗ-ಹುಡುಗಿಯರಿಗೆ ಹುಟ್ಟಿನಿಂದ ಬಂದ ಅನುಕೂಲವೊಂದಿದೆ.

ಊರಿನವರು ಬಳಸಬಹುದಾದ ದಾರಿಗಳು

ಯೋಜಕರಾಗದವರೂ ಈ ಲೆಕ್ಕದಲ್ಲಿ ಪಾಲ್ಗೊಳ್ಳಬಹುದು.

ಅಂತರರಾಜ್ಯ ಬಸ್ಸು: ಎರಡು ರಾಜ್ಯಗಳ ನಡುವೆ ಎಷ್ಟು ಬಸ್ಸು, ಯಾವ ಮಾರ್ಗ ಎಂಬುದು ರಾಜ್ಯಗಳ ಪರಸ್ಪರ ಒಪ್ಪಂದದಿಂದ ನಿರ್ಧಾರವಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 88ನೇ ಕಲಮಿನಂತೆ ಒಪ್ಪಂದದ ಪ್ರಸ್ತಾವವನ್ನು ರಾಜ್ಯಪತ್ರದಲ್ಲೂ ಆ ಭಾಗದ ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಪ್ರಕಟಿಸಿ, ಜನರ ಅಹವಾಲು ಸಲ್ಲಿಸಲು ದಿನ ನೀಡಬೇಕು. ಆ ದಿನದೊಳಗೆ ಬರೆದುಕೊಟ್ಟ ಮನವಿಗೆ ಬೆಲೆಯಿದೆ. ಒಪ್ಪಂದವಾದ ಮೇಲಿನ ಮನವಿ ಮುಂದಿನ ಒಪ್ಪಂದದವರೆಗೆ ಕಾಯಬೇಕಾಗಬಹುದು.

ಟೋಲ್: ರಾಷ್ಟ್ರೀಯ ಹೆದ್ದಾರಿಯ 2008ರ ಶುಲ್ಕ ನಿಯಮಗಳಂತೆ ಟೋಲ್ ಕೇಂದ್ರದಿಂದ 20 ಕಿ.ಮೀ. ಒಳಗೆ ವಾಸಿಸುವವರು ವಾಣಿಜ್ಯೇತರ ವಾಹನಕ್ಕೆ ತಿಂಗಳ ಪಾಸ್ ಪಡೆಯಬಹುದು. ಸರ್ವಿಸ್ ರಸ್ತೆ ಅಥವಾ ಬದಲಿ ರಸ್ತೆ ಇದ್ದರೆ ಪಾಸ್ ಇಲ್ಲ. ನಿಯಮ ಹೇಳುವುದು ದೂರದ ಮಾತು.

ವರದಿ: ನಿಮ್ಮ ಊರಿನ ರಸ್ತೆ ಅಥವಾ ರೈಲಿಗೆ ಸಮೀಕ್ಷೆಯಾಗಿ ತಿರಸ್ಕೃತವಾಗಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಸಮೀಕ್ಷಾ ವರದಿಯ ಪ್ರತಿ ಕೇಳಬಹುದು. ಅದರಲ್ಲಿ ಮೂರು ವಿಷಯ ನೋಡಬೇಕು: ಅಧ್ಯಯನದ ಗೆರೆ ಎಲ್ಲಿಗೆ ನಿಂತಿದೆ, ಆಚೆಯ ಊರುಗಳ ಓಡಾಟ ಎಣಿಕೆಗೆ ಬಂದಿದೆಯೇ, ಗಣತಿ ಯಾವ ತಿಂಗಳು ನಡೆದಿದೆ. ಸುಗ್ಗಿ ಮುಗಿದ ಮೇಲೆ, ಶಾಲೆಗೆ ರಜೆಯಿರುವಾಗ ಎಣಿಸಿದರೆ ಅಂಕಿ ಕಡಿಮೆಯೇ ಬರುತ್ತದೆ.

ಮನವಿ: 'ನಮ್ಮೂರಿಗೆ ಸೇತುವೆ ಬೇಕು' ಎಂಬ ಅರ್ಜಿಗಳು ಕಚೇರಿಗಳಲ್ಲಿ ರಾಶಿ ಬಿದ್ದಿರುತ್ತವೆ. ಎರಡೂ ಕಡೆಯ ಗ್ರಾಮ ಪಂಚಾಯಿತಿಗಳು ಸೇರಿ ಒಂದು ವಾರ ವಾಹನ ಎಣಿಸಿ, ಶಾಲೆಗೆ ಹೋಗುವ ಮಕ್ಕಳೆಷ್ಟು, ಪೇಟೆಗೆ ಹೋಗುವ ಮಾಲೆಷ್ಟು, ಸುತ್ತು ಎಷ್ಟು ಕಿ.ಮೀ. ಎಂದು ಬರೆದು, ಎರಡು ಭಾಷೆಗಳಲ್ಲಿ ಎರಡೂ ಜಿಲ್ಲಾಧಿಕಾರಿಗಳಿಗೆ ಒಂದೇ ಅಂಕಿಗಳ ಮನವಿ ಕೊಟ್ಟರೆ ಅದು ಬೇರೆಯದೇ ಅರ್ಜಿಯಾಗುತ್ತದೆ. ಹಳ್ಳದ ಉದಾಹರಣೆಯಲ್ಲಿ ಕಂಡಂತೆ, ಒಂದು ದಂಡೆಯನ್ನಷ್ಟೇ ಎಣಿಸಿದಾಗ ನಷ್ಟವಾದ ಸೇತುವೆ ಎರಡೂ ದಂಡೆ ಎಣಿಸಿದಾಗ ಲಾಭವಾಗುತ್ತದೆ.